ಸೀನಿಯರ್ ಹೇಳಬೇಕಾದ ಒಂದು ಮಾತು

ನನ್ನ ಅಕ್ಕನ ಮಗಳಿಗೆ ಲಾಯರಮ್ಮ ಎಂದು ಹೆಸರಿಟ್ಟವಳು ನಾನೇ. ಆಗ ಅವಳಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಮಲಗು ಎಂದರೆ ಯಾಕೆ ಎನ್ನುತ್ತಿದ್ದಳು. ಹೊತ್ತಾಯಿತು ಎಂದರೆ, ನಿನ್ನೆಯೂ ಇಷ್ಟೇ ಹೊತ್ತಾಗಿತ್ತಲ್ಲ, ನಿನ್ನೆ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಿದ್ದಳು. ಅವಳ ಅಪ್ಪ ಬದುಕಿದ್ದಷ್ಟು ದಿನ ಅವಳ ಜೊತೆ ವಾದಕ್ಕಿಳಿದು, ಸೋತು, ಸೋತದ್ದಕ್ಕೆ ಖುಷಿಪಡುತ್ತಿದ್ದರು. ಹೆಸರು ಮನೆಯಿಂದ ಬೀದಿಗೆ ಹೋಯಿತು, ಬೀದಿಯಿಂದ ಶಾಲೆಗೆ ಹೋಯಿತು. ಕೊನೆಗೆ ಅವಳು ನಿಜವಾಗಿಯೂ ಕಾನೂನು ಓದಿ ಕರಿ ಕೋಟು ಹಾಕಿಕೊಂಡಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಆ ಕೋಟು ಹೊಲಿದವಳೂ ನಾನೇ. ಕೋರ್ಟಿನ ಹಿಂದಿನ ಬೀದಿಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ವಕೀಲರ ಕೋಟು, ಗೌನು, ಕತ್ತಿನ ಬಿಳಿ ಪಟ್ಟಿ, ಇವೇ ನನ್ನ ಅನ್ನ. ಹಾಗಂತ ವಕೀಲರ ಬಗ್ಗೆ ನನಗೆ ಅಂಥ ಭಕ್ತಿಯೇನಿಲ್ಲ. ವರ್ಷವರ್ಷವೂ ಅವರ ಸೊಂಟದ ಅಳತೆ ತೆಗೆಯುವವಳಿಗೆ ಭಕ್ತಿ ಎಲ್ಲಿಂದ ಬರಬೇಕು.

ಇಷ್ಟು ಬಾಯಿದ್ದ ಹುಡುಗಿ ಕೋರ್ಟಿನಲ್ಲಿ ಬಾಯಿ ಬಿಡುತ್ತಿದ್ದದ್ದು ತಾರೀಖು ಕೇಳುವುದಕ್ಕೆ ಮಾತ್ರ. ಸೀನಿಯರ್ ಪಕ್ಕದ ಕೋರ್ಟಿನಲ್ಲಿದ್ದಾರೆ, ಇನ್ನೊಂದು ದಿನ ಕೊಡಬೇಕು ಸ್ವಾಮಿ ಎಂದು ಕೇಳುವುದು, ಕೊಟ್ಟರೆ ಬಗ್ಗಿ ನಮಸ್ಕಾರ ಮಾಡಿ ಹೊರಗೆ ಬರುವುದು. ವರ್ಷಗಟ್ಟಲೆ ಅವಳ ವಕೀಲಿಕೆ ಇಷ್ಟೇ.

ಅವಳ ಸೀನಿಯರ್ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಊರಿನ ಕೋರ್ಟಿನಲ್ಲಿ ಅವರು ಎದ್ದು ನಿಂತರೆ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ತಂದೆಯಿಲ್ಲದ ಹುಡುಗಿ, ಕಾಲೇಜು ಮುಗಿಸಿ ಒಂದೊಂದೇ ಆಫೀಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ, ಹೆಸರು ಕೂಡ ಕೇಳದೆ, ನಾಳೆಯಿಂದ ಬಾ ಎಂದವರು ಅವರು. ಆಗಲೇ ಅವರ ಕಣ್ಣು ಮಂಜಾಗತೊಡಗಿತ್ತು. ಎದುರಿಗೆ ಮನುಷ್ಯ ನಿಂತಿದ್ದಾನೆ ಎಂದು ಗೊತ್ತಾಗುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕೆ ಲಾಯರಮ್ಮ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಕ್ರಯಪತ್ರ, ಬಾಡಿಗೆ ಕರಾರು, ಅಣ್ಣತಮ್ಮಂದಿರ ಪಾಲಿನ ಜಗಳದ ಹಳೆಯ ಕಾಗದ, ಹೊಸ ತೀರ್ಪು, ಎದುರು ಪಕ್ಷದ ಆಕ್ಷೇಪಣೆ. ಅವರು ಕಣ್ಣು ಮುಚ್ಚಿ ಕೇಳುವರು. ಒಮ್ಮೆ ಕೇಳಿದರೆ ಕಲ್ಲಿನ ಮೇಲೆ ಬರೆದ ಹಾಗೆ. ಮಾರನೆಯ ದಿನ ಅದನ್ನೇ ಕೋರ್ಟಿನಲ್ಲಿ ಹಾಡಿನಂತೆ ಹೇಳಿ ಗೆದ್ದು ಬರುವರು. ಇವಳು ಹಿಂದಿನ ಕುರ್ಚಿಯಲ್ಲಿ ಕೂತು, ತಾನು ರಾತ್ರಿಯೆಲ್ಲ ಯೋಚಿಸಿ ಬರೆದುಕೊಟ್ಟ ವಾದ ಅವರ ಬಾಯಿಂದ ಬರುವುದನ್ನು ಕೇಳುವಳು.

ಆಫೀಸು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಎರಡು ಕೋಣೆ. ಒಳಗಿನ ಕೋಣೆಗೆ ಕಿಟಕಿ ಇದೆ, ಆದರೆ ಅದಕ್ಕೆ ಅಡ್ಡವಾಗಿ ಫೈಲುಗಳ ಬೀರು ನಿಲ್ಲಿಸಿದ್ದಾರೆ. ಸರಿಸೋಣವೆಂದರೆ ಬೀರು ಖಾಲಿ ಮಾಡಬೇಕು, ಖಾಲಿ ಮಾಡೋಣವೆಂದರೆ ಫೈಲು ಇಡಲು ಬೇರೆ ಜಾಗವಿಲ್ಲ. ಹಾಗಾಗಿ ಹಗಲಿನಲ್ಲೂ ದೀಪ. ಕೆಳಗಿನಿಂದ ಔಷಧಿಯ ವಾಸನೆ. ನಾನು ಅಲ್ಲಿಗೆ ಹೋದಾಗಲೆಲ್ಲ ಐದೇ ನಿಮಿಷಕ್ಕೆ ಗಾಳಿಗಾಗಿ ಕೆಳಗಿಳಿದು ಬಂದುಬಿಡುತ್ತಿದ್ದೆ. ಇವಳು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಓದಿ, ಗಂಟಲು ಕಟ್ಟಿ, ನನ್ನ ಅಂಗಡಿಗೆ ಬಂದು ಬಿಸಿನೀರು ಕುಡಿದು, ಮಾತಿಲ್ಲದೆ ಕೂರುತ್ತಿದ್ದಳು. ಮಾತಿನ ಮಲ್ಲಿಯಾಗಿದ್ದವಳು ಸನ್ನೆಯಲ್ಲಿ ಉತ್ತರ ಕೊಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ವಾದವನ್ನು ತನ್ನ ಬಾಯಿಂದಲೇ ಹೇಳಬೇಕು. ಇಂಥ ಹಳೆಯ ಆಫೀಸಿನಲ್ಲಿ ಸೀನಿಯರ್ ಇರುವತನಕ ಜೂನಿಯರ್ ವಾದಕ್ಕೆ ಏಳುವ ಹಾಗಿಲ್ಲ. ಊರಿನ ಆ ತುದಿಯ ಗಾಜಿನ ಕಟ್ಟಡಗಳಲ್ಲಿ ದೊಡ್ಡ ದೊಡ್ಡ ಲಾ ಫರ್ಮುಗಳಿದ್ದವು. ಅಲ್ಲಿ ಜನ ಹೆಚ್ಚು, ಕೇಸು ಅದಕ್ಕಿಂತ ಹೆಚ್ಚು. ಬಂದ ಸ್ವಲ್ಪ ದಿನಕ್ಕೇ ಹೊಸಬರನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಅದಕ್ಕೆ ಅವಳು ಅರ್ಜಿ ಹಾಕತೊಡಗಿದಳು. ನನ್ನ ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸುತ್ತ ಕರಿ ಬಟ್ಟೆಯ ಚೂರು ಹರಡಿಕೊಂಡು, ಬಯೋಡೇಟಾ ತಿದ್ದುವಳು. ಟ್ರಯಲ್ ರೂಮಿನ ಕನ್ನಡಿ ಮುಂದೆ ನಿಂತು ಇಂಟರ್‌ವ್ಯೂ ಅಭ್ಯಾಸ ಮಾಡುವಳು. ಪ್ರಶ್ನೆ ಕೇಳುವ ಕೆಲಸ ನನ್ನದು.

“ನಿಮ್ಮ ದೌರ್ಬಲ್ಯ ಏನು?” ಎಂದು ಕಾಗದ ನೋಡಿಕೊಂಡು ಕೇಳುತ್ತಿದ್ದೆ.

“ಏನಂತ ಹೇಳ್ಲಿ ಚಿಕ್ಕಮ್ಮ?”

“ಸೋತ್ರೂ ಸೋತೆ ಅಂತ ಒಪ್ಕೊಳಲ್ಲ ಅನ್ನು.”

“ವಕೀಲರಿಗೆ ಅದು ದೌರ್ಬಲ್ಯ ಅಲ್ಲ, ಬಂಡವಾಳ.”

“ಹಾಗಾದ್ರೆ ಚಿಕ್ಕಮ್ಮನ ಮಾತು ಕೇಳಲ್ಲ ಅನ್ನು. ಅದಂತೂ ನಿಜ.”

ಪ್ರತಿ ಅರ್ಜಿಯ ಕೊನೆಗೂ, ನಿಮ್ಮ ಕೆಲಸದ ಬಗ್ಗೆ ಹೇಳಬಲ್ಲವರು ಯಾರು ಎಂದು ಕೇಳಿರುತ್ತಾರೆ. ಅಲ್ಲಿ ಅವಳು ಎದೆಯುಬ್ಬಿಸಿ ಸೀನಿಯರ್ ಹೆಸರು ಬರೆಯುತ್ತಿದ್ದಳು. ಅವರಿಗೆ ಮುಂಚೆಯೇ ಹೇಳಿಯೂ ಇದ್ದಳು. ಧಾರಾಳವಾಗಿ ಹಾಕು ಮಗಳೇ, ಯಾರು ಕೇಳಿದರೂ ನಾನು ಹೇಳುತ್ತೇನೆ ಎಂದಿದ್ದರು ಅವರು. ಆ ಹೆಸರು ಕೇಳದ ವಕೀಲ ಊರಿನಲ್ಲೇ ಇಲ್ಲ. ಇನ್ನೇನು, ಬಾಗಿಲು ತಾನಾಗಿ ತೆರೆಯುತ್ತದೆ ಎಂದು ನಾನೂ ಅಂದುಕೊಂಡೆ.

ಕರೆಯುವುದೇನೋ ಎಲ್ಲರೂ ಕರೆಯುತ್ತಿದ್ದರು. ಇಂಟರ್‌ವ್ಯೂ ಮುಗಿಸಿ ಬಂದವಳ ಮುಖ ಅರಳಿರುತ್ತಿತ್ತು. ಏನು ಕೇಳಿದರು, ತಾನೇನು ಹೇಳಿದೆ, ಯಾರು ನಕ್ಕರು ಎಲ್ಲವನ್ನೂ ಹೇಳುವಳು. ಒಂದು ವಾರದಲ್ಲಿ ತಿಳಿಸುತ್ತೇವೆ ಎಂದಿರುತ್ತಿದ್ದರು. ವಾರ ಹೋಗಿ ಇನ್ನೊಂದು ವಾರ ಬರುತ್ತಿತ್ತು, ಫೋನು ಮಾತ್ರ ಬರುತ್ತಿರಲಿಲ್ಲ. ಒಂದು ಫರ್ಮು ಹೀಗೆ ಮಾಡಿತು, ಇನ್ನೊಂದು ಹೀಗೇ ಮಾಡಿತು. ಅವಳು ತಪ್ಪನ್ನು ತನ್ನಲ್ಲೇ ಹುಡುಕಿದಳು. ಜಾಸ್ತಿ ಮಾತಾಡಿದೆನೇನೋ ಎಂದು ಮುಂದಿನ ಸಲ ಕಡಿಮೆ ಮಾತಾಡಿದಳು. ನಕ್ಕಿದ್ದು ಹೆಚ್ಚಾಯಿತೇನೋ ಎಂದು ನಗುವುದನ್ನು ಬಿಟ್ಟಳು. ಕೋಟಿನ ಭುಜ ಸರಿಯಿಲ್ಲ ಎಂದು ನನ್ನ ಕೈಲಿ ಬಿಚ್ಚಿಸಿ ಮತ್ತೆ ಹೊಲಿಸಿದಳು. ನನ್ನ ಭುಜದ ಹೊಲಿಗೆಯ ಬಗ್ಗೆ ಇವತ್ತಿನವರೆಗೆ ಯಾರೂ ಸೊಲ್ಲೆತ್ತಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಬಿಚ್ಚಿದೆ. ದಿನದಿಂದ ದಿನಕ್ಕೆ ಹುಡುಗಿ ಕಣ್ಣೆದುರಿಗೇ ಕುಗ್ಗಿಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಅಂಗಡಿಯಲ್ಲಿದ್ದಾಗಲೇ ಫೋನು ಬಂತು. ಹಿಂದಿನ ವಾರ ಇಂಟರ್‌ವ್ಯೂ ಮಾಡಿದ್ದ ಫರ್ಮಿನ ಪಾರ್ಟ್ನರ್ ಮೇಡಂ. ಒಳ್ಳೆಯ ಸುದ್ದಿಯನ್ನು ಇಬ್ಬರೂ ಕೇಳೋಣವೆಂದು ಲಾಯರಮ್ಮ ಸ್ಪೀಕರ್ ಹಾಕಿದಳು.

“ನೋಡಿ, ಇದನ್ನ ನಿಮಗೆ ಯಾರೂ ಹೇಳಿರಲ್ಲ. ಸುಮ್ನೆ ಇದ್ದುಬಿಡೋದು ನಂಗೆ ಸರಿ ಕಾಣ್ಲಿಲ್ಲ, ಅದಕ್ಕೆ ಮಾಡಿದೆ” ಎಂದರು ಮೇಡಂ. “ನಮ್ಮ ವೃತ್ತೀಲಿ ಒಂದು ಪದ್ಧತಿ ಇದೆ. ಒಬ್ಬ ಸೀನಿಯರ್ ಹತ್ರ ಇರೋ ಜೂನಿಯರನ್ನ ತಗೊಳೋ ಮುಂಚೆ ಆ ಸೀನಿಯರಿಗೆ ಫೋನ್ ಮಾಡಿ ಕೇಳ್ತೀವಿ. ಕರ್ಕೊಳ್ಳಿ ಅಂದ್ರೆ ಕರ್ಕೋತೀವಿ. ಅನ್ನದಿದ್ರೆ ಮುಟ್ಟಲ್ಲ. ದಿನಾ ಬೆಳಗಾದ್ರೆ ಕೋರ್ಟಲ್ಲಿ ಒಬ್ಬರ ಮುಖ ಒಬ್ಬರು ನೋಡೋರು ನಾವು.”

“ಸರ್ ಬೇಡ ಅಂದ್ರಾ ಮೇಡಂ?”

“ಬೇಡ ಅಂದಿದ್ರೆ ವಾಸಿಯಿತ್ತು. ಏನೋ ಕೋಪ ಅಂದ್ಕೋಬಹುದಿತ್ತು. ಅವರು ನಿಮ್ಮನ್ನ ಹೊಗಳಿದ್ರು. ಅರ್ಧ ಗಂಟೆ ಹೊಗಳಿದ್ರು. ಅವಳು ನನ್ನ ಕಣ್ಣು ಅಂದ್ರು. ಅವಳು ಹೋದ ದಿನ ಆಫೀಸಿಗೆ ಬೀಗ ಹಾಕ್ತೀನಿ, ನಂಗೂ ಸಾಕಾಗಿದೆ ಅಂದ್ರು. ಇಷ್ಟು ಕೇಳಿದ್ಮೇಲೂ ನಿಮ್ಮನ್ನ ಕರ್ಕೊಂಡ್ರೆ ನಮ್ಮನ್ನ ಮನುಷ್ಯರು ಅಂತಾರಾ? ಬೇರೆ ಫರ್ಮಿನೋರಿಗೂ ಇದನ್ನೇ ಹೇಳಿರ್ತಾರೆ.” ಆಮೇಲೆ ಸೇರಿಸಿದರು. “ತಿಂಗಳ ಕೊನೇತನಕ ಜಾಗ ಇಟ್ಟಿರ್ತೀನಿ. ಕರ್ಕೊಳ್ಳಿ ಅಂತ ಅವರ ಬಾಯಿಂದ ಒಂದು ಮಾತು ಬರ್ಲಿ. ಸಾಕು.”

ಫೋನು ಇಟ್ಟ ಮೇಲೆ ಲಾಯರಮ್ಮ ಗೋಡೆ ನೋಡುತ್ತ ಕೂತಳು. ನನಗೆ ಮೈಯೆಲ್ಲ ಬೆಂಕಿ. ಆ ಮನುಷ್ಯ ಇವಳನ್ನು ಸೋಮಾರಿ, ಸುಳ್ಳಿ ಎಂದು ಬೈದಿದ್ದರೆ ಯಾರಾದರೂ ಒಂದು ಅವಕಾಶ ಕೊಡುತ್ತಿದ್ದರೋ ಏನೋ. ಹೊಗಳಿ ಹೊಗಳಿ ಒಂದೊಂದೇ ಬಾಗಿಲು ಮುಚ್ಚಿದ್ದರು. ಅದೂ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿಲ್ಲದೆ.

ಮನೆಯಲ್ಲಿ ನನ್ನ ಅಕ್ಕನಿಗೆ ಹೇಳಿದರೆ ಅವಳು ಸೀನಿಯರ್ ಪಕ್ಷ.

“ನಾನು ಆಸ್ಪತ್ರೇಲಿದ್ದಾಗ ಆ ಕಾಣದ ಕಣ್ಣಿಟ್ಕೊಂಡು ಬಂದು ಹೊರಗಡೆ ಬೆಂಚಿನ ಮೇಲೆ ಇಡೀ ದಿನ ಕೂತಿದ್ದೋರು ಯಾರೇ?” ಎಂದು ಮಗಳನ್ನು ಕೇಳಿದಳು. “ಅವತ್ತು ನಿನ್ನ ದೊಡ್ಡ ಫರ್ಮಿನೋರು ಬಂದಿದ್ರಾ? ಅಪ್ಪನ ಜಾಗದಲ್ಲಿ ನಿಂತೋರನ್ನ ನಡುನೀರಲ್ಲಿ ಕೈ ಬಿಡ್ತೀಯಾ?”

“ಕೈ ಬಿಡೋದಲ್ಲಮ್ಮ, ಕೆಲಸ ಬದಲಾಯಿಸೋದು.”

“ಎರಡೂ ಒಂದೇ.”

“ಅಕ್ಕ, ನೀನು ಸುಮ್ನಿರು” ಎಂದೆ ನಾನು. “ಉಪಕಾರ ಮಾಡ್ದೋರಿಗೆ ನಮಸ್ಕಾರ ಮಾಡ್ಬೇಕು. ಜೀವಮಾನವೆಲ್ಲ ಅವರ ಮುಂದೆ ಕೂತು ಓದ್ಬೇಕು ಅಂತ ಯಾವ ಕಾನೂನಲ್ಲಿದೆ?”

ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅದೇನು ಹೊಸದಲ್ಲ.

ಸೀನಿಯರ್ ಗೌನಿನ ತೋಳು ಹರಿದದ್ದನ್ನು ಹೊಲಿದು ಇಟ್ಟಿದ್ದೆ. ಅದನ್ನು ಕೊಡುವ ನೆಪದಲ್ಲಿ ಮಾರನೆಯ ದಿನ ನಾನೂ ಆಫೀಸಿಗೆ ಹೋದೆ. ಇವಳೊಬ್ಬಳನ್ನೇ ಬಿಟ್ಟರೆ ಬಾಯಿ ತೆರೆಯುವುದಿಲ್ಲ ಎಂದು ಗೊತ್ತಿತ್ತು. ಲಾಯರಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಕೇಳುತ್ತಿದ್ದ ಹಾಗೆ ಮುದುಕರ ಮುಖ ಬಾಡಿಹೋಯಿತು.

“ಅಲ್ಲ ಮಗಳೇ, ನಾನು ಒಂದಾದ್ರೂ ಕೆಟ್ಟ ಮಾತು ಹೇಳಿದೀನಾ?”

“ಇಲ್ಲ ಸರ್.”

“ಹೋಗೋಳನ್ನ ಹಿಡ್ಕೊಳೋನಲ್ಲ ನಾನು. ಒಂದು ಕೆಲ್ಸ ಮಾಡು. ನಿನ್ನ ಜಾಗಕ್ಕೆ ಒಬ್ಬರನ್ನ ನೀನೇ ನೋಡಿ ಕೂರಿಸು. ಅವತ್ತೇ ಆ ಫರ್ಮಿನಾಕೆಗೆ ಫೋನ್ ಮಾಡಿ ಕರ್ಕೊಳ್ಳಿ ಅಂತೀನಿ. ಆಯ್ತಲ್ಲ?”

ನ್ಯಾಯವಾದ ಮಾತು. ಮೆಟ್ಟಿಲಿಳಿಯುವಾಗ ಅವಳು ನನ್ನ ಕೈ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ಕಂಡ ನಗು.

ಜೂನಿಯರ್ ಬೇಕು ಎಂದು ಕೋರ್ಟಿನ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದೇ ತಡ, ಹೊಸ ವಕೀಲರು ಒಬ್ಬೊಬ್ಬರೇ ಬರತೊಡಗಿದರು. ಒಬ್ಬ ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ ಓದುತ್ತಿದ್ದ. ಇನ್ನೊಬ್ಬ ಓದುತ್ತ ಓದುತ್ತ ತಾನೇ ಆಕಳಿಸಿದ. ಒಬ್ಬಾಕೆ ಪ್ರತಿ ಸಾಲಿಗೂ ಅದರ ಅರ್ಥವನ್ನು ಸೀನಿಯರಿಗೇ ವಿವರಿಸತೊಡಗಿದಳು. ಮುದುಕರು ಯಾರನ್ನೂ ಬೇಡ ಎನ್ನಲಿಲ್ಲ. ಪ್ರತಿಯೊಬ್ಬರೂ ಹೋದ ಮೇಲೆ, ಒಳ್ಳೆ ಮಕ್ಕಳು, ಆದರೆ ನಿನ್ನ ಹಾಗೆ ಇಲ್ಲವಲ್ಲ ಎಂದು ಮೆಲ್ಲಗೆ ಹೇಳಿ, ನಿಂತಲ್ಲಿಂದ ಮುಂದಕ್ಕೆ ಇವಳ ಕೈಲೇ ಓದಿಸಿಕೊಳ್ಳುತ್ತಿದ್ದರು. ತಿಂಗಳು ಕರಗುತ್ತಿತ್ತು. ಲಾಯರಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಒಬ್ಬ ಹುಡುಗಿ ಬಂದಳು. ಊರಾಚೆಯಿಂದ ಬಸ್ಸು ಬದಲಾಯಿಸಿ ಬಂದವಳು, ಬೆವರು ಒರೆಸಿಕೊಂಡು ಕೂತು ಓದಿದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು, ಮುಖ್ಯವಾದ ಮಾತು ಬಂದಾಗ ತಾನಾಗಿಯೇ ನಿಧಾನ ಮಾಡಿದಳು. ಮುದುಕರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಓದಿ ಮುಗಿದ ಮೇಲೆ, ಇವಳಾಗಬಹುದು, ಸೋಮವಾರದಿಂದ ಬರಲಿ ಎಂದರು.

ಆ ಸಂಜೆ ಲಾಯರಮ್ಮ ಕುಣಿಯುತ್ತ ಬರಬೇಕಿತ್ತು. ಬಂದವಳು ಚಪ್ಪಲಿ ಕೂಡ ಬಿಡದೆ ಸ್ಟೂಲಿನ ಮೇಲೆ ಕುಸಿದಳು. ನಡೆದದ್ದನ್ನು ಅವಳು ಹೇಳಿದ ಹಾಗೆಯೇ ಹೇಳುತ್ತೇನೆ.

ಹುಡುಗಿಯನ್ನು ಬೀಳ್ಕೊಡಲು ಇವಳು ಮೆಟ್ಟಿಲವರೆಗೆ ಹೋದಳು. ಆ ಹುಡುಗಿಯ ಕಣ್ಣಲ್ಲಿ ನೀರು. “ಅಕ್ಕ, ದೊಡ್ಡ ದೊಡ್ಡ ಫರ್ಮಿಗೆಲ್ಲ ಅರ್ಜಿ ಹಾಕಿದೆ, ಒಬ್ಬರೂ ಕರೀಲಿಲ್ಲ” ಎಂದಳು. “ಇಲ್ಲಿ ಸ್ವಲ್ಪ ವರ್ಷ ಕಲ್ತು, ಆಮೇಲೆ ಸರ್ ಹೆಸರು ಹಾಕಿದ್ರೆ ಕರೀತಾರೆ ಅಲ್ವಾ ಅಕ್ಕ? ನೀವೂ ಹಾಗೇ ಹೋಗ್ತಿರೋದಲ್ವಾ?”

ಹೌದು ಎನ್ನಬಹುದಿತ್ತು. ಒಂದು ಹೌದು ಎಂದಿದ್ದರೆ ಇವಳು ಪಾರು. ನಾನಾಗಿದ್ದರೆ ಅಂದುಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಇವಳಿಗೆ ಆಗಲಿಲ್ಲ. ಫೋನಿನ ಪದ್ಧತಿ, ಹೊಗಳಿಕೆ, ಮುಚ್ಚಿದ ಬಾಗಿಲುಗಳು ಎಲ್ಲವನ್ನೂ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. ನೀನು ಇಷ್ಟು ಚೆನ್ನಾಗಿ ಓದಬಾರದಿತ್ತು, ಸರ್ ಇನ್ನು ನಿನ್ನನ್ನು ಬಿಡುವುದಿಲ್ಲ ಎಂದಳು. ಆ ಹುಡುಗಿಯೇನೂ ಧನ್ಯವಾದ ಹೇಳಲಿಲ್ಲ. ನಾನು ಇಷ್ಟವಾಗದಿದ್ದರೆ ನೇರವಾಗಿ ಹೇಳಿ, ಇಲ್ಲದ್ದೆಲ್ಲ ಯಾಕೆ ಹೇಳುತ್ತೀರಿ ಎಂದು ಮುಖ ಸಿಂಡರಿಸಿಕೊಂಡು ಇಳಿದು ಹೋದಳು.

ಇವಳು ವಾಪಸ್ಸು ಒಳಗೆ ಹೋದಾಗ ಸೀನಿಯರ್ ಕೇಳಿದರು. “ಸೋಮವಾರ ಬರ್ತಾಳಂತಲ್ಲ?”

“ಬರಲ್ಲ ಸರ್. ನಾನೇ ಕಳಿಸ್ಬಿಟ್ಟೆ.”

“ಯಾಕೆ?”

“ನನ್ನ ಹಾಗೆ ಆಗೋದು ಬೇಡ ಅಂತ.”

ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ಹೇಗೆ ಮಾತಾಡಿದೆನೋ ನನಗೇ ಗೊತ್ತಿಲ್ಲ ಚಿಕ್ಕಮ್ಮ ಎಂದಳು. ನೀವು ನನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ ಸರ್, ಅದಕ್ಕೇ ನಾನು ಎಲ್ಲಿಗೂ ಹೋಗುವ ಹಾಗಿಲ್ಲ ಎಂದು ಶುರುಮಾಡಿದಳಂತೆ. ನಾನು ಬರೆದ ವಾದಕ್ಕೆ ನ್ಯಾಯಾಧೀಶರು ತಲೆದೂಗುವಾಗ ನಾನು ಹಿಂದಿನ ಕುರ್ಚಿಯಲ್ಲಿರುತ್ತೇನೆ. ನಾನು ನಿಮ್ಮ ಕಣ್ಣು ಎನ್ನುತ್ತೀರಿ. ನಾನು ಕಣ್ಣಾಗಲು ಓದಲಿಲ್ಲ, ವಕೀಲಳಾಗಲು ಓದಿದೆ. ಸೀನಿಯರ್ ನಡುನಡುವೆ ನ್ಯಾಯಾಧೀಶರ ಹಾಗೆ ಪ್ರಶ್ನೆ ಹಾಕಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನೀವು ಕೇಳಲಿಲ್ಲ. ನಾನು ನಿನಗೆ ಅನ್ಯಾಯ ಮಾಡಿದೆನೇ? ಮಾಡಿಲ್ಲ ಸರ್, ಮಾಡಿದ್ದರೆ ಜಗಳವಾಡಿ ಹೋಗುತ್ತಿದ್ದೆ. ಪ್ರತಿ ಪ್ರಶ್ನೆಗೂ ಅವಳ ಹತ್ತಿರ ಉತ್ತರವಿತ್ತು. ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಆ ದೀಪದ ಕೋಣೆಯಲ್ಲಿ ಹೊರಗೆ ಬಂತು.

ಮುಗಿದ ಮೇಲೆ ಮುದುಕರು ಕಣ್ಣು ಒರೆಸಿಕೊಂಡರು.

“ಎಂಥಾ ವಾದ ಮಾಡ್ತೀಯ ಮಗಳೇ ನೀನು” ಎಂದರು. “ನಿನ್ನನ್ನ ಇಷ್ಟು ವರ್ಷ ಬಾಯಿ ಮುಚ್ಚಿಸಿ ಕೂರಿಸಿದ್ನಲ್ಲ, ನಂದೇ ತಪ್ಪು. ಸೋಮವಾರದ ಕೇಸು ನೀನೇ ನಿಂತು ಮಾತಾಡು. ಸೋಮವಾರದ್ದೇನು, ಇನ್ಮೇಲೆ ಎಲ್ಲಾ ನಿಂದೇ. ಹೊರಗಿನ ಬೋರ್ಡ್ ಮೇಲೆ ನಿನ್ನ ಹೆಸರೂ ಬರೆಸ್ತೀನಿ. ನಾನು ಪಕ್ಕದಲ್ಲಿ ಕೂತು ಕೇಳ್ತಿರ್ತೀನಿ. ಈಗ ಸರಿಹೋಯ್ತಲ್ಲ?”

ಎಂದವರೇ ಖುಷಿಯಿಂದ ಚಹಾ ತರಿಸಿದರು. ಫೋನು ಮಾಡುವ ವಿಷಯ ಅವರಿಗೆ ಮತ್ತೆ ನೆನಪಾಗಲೇ ಇಲ್ಲ. ಅವರ ಲೆಕ್ಕದಲ್ಲಿ ತಕರಾರು ಬಗೆಹರಿದಿತ್ತು.

ಸೋಮವಾರ ಅಂಗಡಿಗೆ ಬೀಗ ಹಾಕಿ ನಾನೂ ಕೋರ್ಟಿಗೆ ಹೋದೆ. ಜೊತೆಗೆ ಅಕ್ಕನೂ ಬಂದಿದ್ದಳು; ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ಬಾಗಿಲಲ್ಲಿದ್ದ ಜವಾನನಿಗೆ, ಎಲ್ಲರಿಗೂ ನನ್ನ ಮಗಳು ಎಂದು ಹೇಳಿಕೊಂಡು ತಿರುಗಿದಳು. ಲಾಯರಮ್ಮ ಎದ್ದು ನಿಂತಳು. ಮೊದಲ ಎರಡು ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ, ಮೂರನೆಯದು ಬಾಗಿಲಲ್ಲಿದ್ದ ಜವಾನನಿಗೂ ಕೇಳಿಸಿತು. ಎದುರಿನ ವಕೀಲ ಮಧ್ಯೆ ಬಾಯಿ ಹಾಕಿದಾಗ ಅವಳು ತಿರುಗಿ ಕೂಡ ನೋಡಲಿಲ್ಲ. ಮಲಗು ಎಂದರೆ ಯಾಕೆ ಎನ್ನುತ್ತಿದ್ದ ಹುಡುಗಿಯೇ ಅವಳು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಅವಳ ಕಕ್ಷಿಗಾರನಾದ ಬಾಡಿಗೆದಾರನನ್ನು ಮನೆಯಿಂದ ಹೊರಗೆ ಹಾಕಕೂಡದು ಎಂದು ಅಲ್ಲೇ ಆದೇಶವಾಯಿತು. ಪಕ್ಕದಲ್ಲಿ ಸೀನಿಯರ್ ಅವಳ ದನಿ ಬಂದ ಕಡೆಗೆ ಮುಖವೆತ್ತಿ, ಚಿಕ್ಕ ಮಗುವಿನ ಹಾಗೆ ನಗುತ್ತಿದ್ದರು. ಅವಳಿಗೂ ಸಂತೋಷವಾಗಿತ್ತು, ನಿಜವಾದ ಸಂತೋಷ. ಅದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು.

ಹೊರಗೆ ಬಂದ ಮೇಲೆ ಜನರಿಂದ ಬಿಡಿಸಿ ಅವಳನ್ನು ಕಂಬದ ಮರೆಗೆ ಕರೆದುಕೊಂಡು ಹೋದೆ.

“ತಿಂಗಳು ಇನ್ನೂ ಮುಗಿದಿಲ್ಲ ಕಣೇ. ಇವತ್ತೇ ಅವರ ಕೈಲಿ ಆ ಮೇಡಂಗೆ ಫೋನ್ ಮಾಡ್ಸು. ಕರ್ಕೊಳ್ಳಿ ಅಂತ ಒಂದು ಮಾತು. ಈಗ ಅವರು ಖುಷೀಲಿದಾರೆ, ಅಂತಾರೆ.”

ಅವಳು ನನ್ನನ್ನೇ ನೋಡಿದಳು. ಆ ಮುಖದಲ್ಲಿದ್ದ ಬೆಳಕು ಒಂದೇ ಸಲಕ್ಕೆ ಆರಿಹೋಯಿತು.

“ಏನಂತ ಕೇಳ್ಲಿ ಚಿಕ್ಕಮ್ಮ? ನಾನು ಬೇಕು ಅಂದಿದ್ದನ್ನೆಲ್ಲ ಕೊಟ್ಟುಬಿಟ್ಟಿದಾರೆ. ಇನ್ನು ಯಾವ ಬಾಯಲ್ಲಿ ಹೋಗ್ತೀನಿ ಅನ್ಲಿ?”

ನಾನು ಅವಳ ಕೋಟಿನ ಭುಜ ನೇರ ಮಾಡಿದೆ. ಅಷ್ಟರಲ್ಲಿ ಒಳಗಿನಿಂದ ಸೀನಿಯರ್, ಮಗಳೇ ಎಲ್ಲಿದ್ದೀಯ ಎಂದು ಕರೆದರು. ಬಂದೆ ಸರ್ ಎಂದು ಅವಳು ಹೋದಳು.